ಒಂದೇ ಗಂಗಾಳದಲ್ಲಿ ನನ್ನ ಹನ್ನೆರಡು ತುತ್ತು

ಡಾಕ್ಟರು ಕೊಟ್ಟ ಚೀಟಿಯಲ್ಲಿ ಹೊತ್ತಿಗೆ ಒಂದೂವರೆ ರೊಟ್ಟಿ ಎಂದು ಬರೆದಿತ್ತು. ಒಂದೂವರೆ! ನಮ್ಮ ಸೇಡಂ ಕಡೆ ಜ್ವರ ಬಿಟ್ಟು ಎದ್ದವರೂ ಒಂದೂವರೆ ಜೋಳದ ರೊಟ್ಟಿಗೆ ಕೈ ತೊಳೆಯುವುದಿಲ್ಲ. ನಾನಂತೂ ಆಗ ನಾಲ್ಕು ಉಣ್ಣುತ್ತಿದ್ದೆ, ಅನ್ನ ಬೇರೆ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಒಂದೆರಡು ವರ್ಷ ಕಳೆದಿತ್ತು. ಎರಡನೆಯ ಹೆರಿಗೆಯಾದಾಗಿನಿಂದ ನನ್ನ ಹೊಕ್ಕುಳ ಉಬ್ಬುತ್ತಿತ್ತು. ಕೊಡ ಎತ್ತಿದರೆ, ಕೆಮ್ಮಿದರೆ, ಜೋರಾಗಿ ನಕ್ಕರೂ ನಿಂಬೆಹಣ್ಣಿನಷ್ಟು ಗಂಟು ಮುಂದೆ ಬರುತ್ತಿತ್ತು. ಕಲಬುರಗಿಯ ಡಾಕ್ಟರು ಮೈಸೂರು ಕಡೆಯವರು. ಒತ್ತಿ ನೋಡಿ, "ಹರ್ನಿಯಾ ಅಮ್ಮ. ಆಪರೇಷನ್ ಆಗಲೇಬೇಕು. ಆದರೆ ಇಷ್ಟು ಕೊಬ್ಬಿದ್ದರೆ ಹೊಲಿಗೆ ನಿಲ್ಲುವುದಿಲ್ಲ. ಮೂರು ತಿಂಗಳಲ್ಲಿ ಹನ್ನೆರಡು ಕಿಲೋ ಇಳಿಸಿಕೊಂಡು ಬನ್ನಿ. ತಡ ಮಾಡಬೇಡಿ, ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು ಬರುತ್ತದೆ" ಎಂದರು. ಮನೆಯಲ್ಲಿ ಐದು ವರ್ಷದ್ದೊಂದು, ಮೂರು ವರ್ಷದ್ದೊಂದು ಮಕ್ಕಳು. ನಾನು ಸತ್ತರೆ ಇವುಗಳ ಗತಿ ಏನು ಎಂಬ ಹೆದರಿಕೆ ಅವತ್ತೇ ಎದೆಯಲ್ಲಿ ಕೂತುಬಿಟ್ಟಿತು.

ಜೊತೆಗೆ ಬಂದಿದ್ದವಳು ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ವಾಪಸು ಬರುವಾಗ ವಾಡಿಯಲ್ಲಿ ಗಾಡಿ ಬದಲಿಸಬೇಕು. ಅಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ಬಣ್ಣದ ದೀಪ ಮಿಣುಕುವ ತೂಕದ ಮಷೀನಿತ್ತು. ಹತ್ತಿ ನಿಂತು ಹತ್ತು ಪೈಸೆ ಹಾಕಿದೆ. ಎಂಬತ್ತೆರಡು ಕಿಲೋ ಎಂದು ಚೀಟಿ ಬಂತು. "ನೀನೂ ಹತ್ತು" ಎಂದು ಅಕ್ಕನನ್ನೂ ಹತ್ತಿಸಿದೆ. ಐವತ್ತೊಂದು. "ನಿನ್ನ ಮುಂದ ನಾ ಕಡ್ಡಿಪೆಟಗಿ ಕಡ್ಡಿ ನೋಡ" ಎಂದು ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ.

ಮರುದಿನದಿಂದಲೇ ಎಣಿಕೆ ಶುರು ಮಾಡಿದೆ. ಆದರೆ ನಮ್ಮ ಮನೆಯಲ್ಲಿ ಎಣಿಸುವುದೆಂದರೆ ಸುಲಭವಲ್ಲ. ಮದುವೆಯಾಗಿ ಬಂದ ದಿನದಿಂದ ಅಕ್ಕ, ನಾನು ಇಬ್ಬರೂ ಒಂದೇ ಹಿತ್ತಾಳೆ ಗಂಗಾಳದಲ್ಲಿ ಉಣ್ಣುತ್ತಿದ್ದೆವು. ಗಂಡಸರದ್ದು, ಮಕ್ಕಳದ್ದು, ಅತ್ತೆಯದ್ದು ಮುಗಿದ ಮೇಲೆ ಅಡುಗೆಮನೆಯ ಫರ್ಸಿ ಕಲ್ಲಿನ ನೆಲದ ಮೇಲೆ ಎದುರುಬದುರು ಕೂತು, ನಡುವೆ ಗಂಗಾಳ ಇಟ್ಟುಕೊಂಡು, ಊರ ಮಾತೆಲ್ಲ ಆಡುತ್ತ ಉಣ್ಣುವುದು. ಯಾರು ಎಷ್ಟು ಉಂಡರೆಂದು ದೇವರಿಗೂ ಲೆಕ್ಕ ಸಿಗದು. ನಾನು ಬೇರೆ ತಾಟು ತೆಗೆದುಕೊಂಡು ಬಂದೆ. ಅತ್ತೆ ನೋಡಿದರು.

"ಏನವಾ ಇದು? ಗಂಗಾಳ ಬ್ಯಾರೆ ಆದ್ರ ಒಲಿ ಬ್ಯಾರೆ ಆಗಲಿಕ್ಕ ಎಷ್ಟೊತ್ತು? ನಾ ಇರೋತನ ಅದೊಂದು ಮಾಡಬ್ಯಾಡ."

"ಡಾಕ್ಟರ್ ಎಣಿಸಿ ಉಣ್ಣು ಅಂದಾರ ಅತ್ತಿ."

"ಉಣ್ಣೋದು ಎಣಿಸಬಾರದವಾ. ಎಣಿಸಿ ಉಂಡಿದ್ದು ಮೈಗಿ ಹತ್ತಂಗಿಲ್ಲ."

"ಹತ್ತಬಾರದು ಅಂತನಽ ಎಣಿಸ್ಲಿಕತ್ತೀನಿ!" ಎಂದು ಒದರಿದೆ. ಮೊದಲೇ ನನ್ನ ಸಿಟ್ಟು ಮೂಗಿನ ತುದಿಯಲ್ಲಿ, ಅದರ ಮೇಲೆ ಹಸಿವು. ಒದರಿ ಏನು ಬಂತು? ತಾಟು ಮತ್ತೆ ಹಲಗೆಗೆ ಏರಿತು.

ಆಗ ನಾನೇ ಒಂದು ಉಪಾಯ ಹುಡುಕಿದೆ. ಒಂದು ರೊಟ್ಟಿಗೆ ನನ್ನ ಕೈಯಲ್ಲಿ ಎಂಟು ತುತ್ತು. ಒಂದೂವರೆಗೆ ಹನ್ನೆರಡು. ಪುಂಡಿಪಲ್ಯ ಇರಲಿ, ಬ್ಯಾಳಿ ಇರಲಿ, ಹನ್ನೆರಡಕ್ಕೆ ಮುಗಿಯಬೇಕು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಪುಡಿ ಬಂದ್. ಒಂದು, ಎರಡು ಎಂದು ಬಾಯಿಬಿಟ್ಟು ಎಣಿಸುತ್ತ ಉಣ್ಣುತ್ತಿದ್ದೆ. ಹಸಿದ ಬಾಯಿಗೆ ಹನ್ನೆರಡು ತುತ್ತು ಎಷ್ಟು ಹೊತ್ತಿನ ಕೆಲಸ? ಗಬಗಬ ತಿಂದು, "ಹನ್ನೆರಡು!" ಎಂದು ಕೂಗಿ, ಥಟ್ಟನೆ ಎದ್ದು ಬಚ್ಚಲಿಗೆ ಓಡಿ ಕೈ ತೊಳೆದುಬಿಡುತ್ತಿದ್ದೆ. ಮಕ್ಕಳ ಹಳೆಯ ನೋಟ್‌ಬುಕ್ಕೊಂದರಲ್ಲಿ ಹನ್ನೆರಡು ಗೀರು ಎಳೆದು ಹೊರಗೆ ಹೋಗಿಬಿಡುತ್ತಿದ್ದೆ. ಅಡುಗೆಮನೆಯ ವಾಸನೆಯೇ ಬೇಡ. ಅಂಗಳದಲ್ಲಿ ತಿರುಗುವುದು, ಕಟ್ಟೆಗೆ ಕೂಡುವುದು, ಏಳುವುದು, ಬಾಗಿಲಿಗೆ ಹೋಗುವುದು, ಬರುವುದು. "ಕಾಲಾಗ ಚಕ್ರ ಕಟ್ಕೊಂಡಾಳ" ಎಂದು ಅತ್ತೆ ಗೊಣಗುತ್ತಿದ್ದರು. ಕೂತರೆ ರೊಟ್ಟಿ ಕಣ್ಣ ಮುಂದೆ ಬರುತ್ತಿತ್ತು, ಮಲಗಿದರೆ ಹೊಕ್ಕುಳ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮಕ್ಕಳು ಹತ್ತಿರ ಬಂದರೂ ರೇಗುತ್ತಿದ್ದೆ.

ಒಮ್ಮೆ ಮುಧೋಳದಿಂದ ನಾದಿನಿ ಶೇಂಗಾ ಹೋಳಿಗೆ ಮಾಡಿಕೊಂಡು ಬಂದಳು. ಇಡೀ ಮನೆ ಕೂತು ತಿನ್ನುತ್ತಿದ್ದರೆ ನಾನು ಹಿತ್ತಿಲಲ್ಲಿ ನಿಂತು ಖರೇನೇ ಅತ್ತುಬಿಟ್ಟೆ. ಅಕ್ಕ ಹಿಂದೆಯೇ ಬಂದು, "ನಾನೂ ತಿಂದಿಲ್ಲ, ಬಿಡು" ಎಂದಳು. ಒಳ್ಳೆಯ ಮನಸ್ಸು ಅಂದುಕೊಂಡೆ, ಅಷ್ಟೇ. ಅವಳ ಮುಖ ನೋಡಲಿಲ್ಲ. ಆ ದಿನಗಳಲ್ಲಿ ನಾನು ಯಾರ ಮುಖ ನೋಡಿದ್ದೇನೆ? ನೋಡಿದ್ದೆಲ್ಲ ನನ್ನ ಹೊಟ್ಟೆಯನ್ನೇ.

ಮೂರು ತಿಂಗಳಾಯಿತು. ಕುಪ್ಪಸ ಸಡಿಲಾಗಿತ್ತು. ಮತ್ತೆ ಅಕ್ಕನನ್ನು ಕರೆದುಕೊಂಡು ಹೊರಟೆ. ವಾಡಿಯಲ್ಲಿ ಇಳಿದವಳೇ ಮಷೀನು ಹತ್ತಿದೆ. ಎಪ್ಪತ್ತೆರಡು! ಇನ್ನು ಎರಡೇ ಕಿಲೋ. ಖುಷಿಗೆ ಕುಣಿಯುವುದೊಂದು ಬಾಕಿ. "ಹತ್ತು ಯಕ್ಕಾ, ನಿಂದೂ ನೋಡೋಣು" ಎಂದೆ. ಅಕ್ಕ ಒಲ್ಲೆನೆಂದಳು. ನಾನು ಬಿಡುವವಳೇ? ರಟ್ಟೆ ಹಿಡಿದು ಹತ್ತಿಸಿದೆ. ಆ ರಟ್ಟೆ ಕೈಗೆ ಬರೀ ಎಲುಬಾಗಿ ಸಿಕ್ಕಿತು.

ಚೀಟಿ ಬಂತು. ನಲವತ್ತೊಂದು.

"ಮಷೀನ್ ಕೆಟ್ಟದ" ಎಂದೆ. ಇನ್ನೊಂದು ಹತ್ತು ಪೈಸೆ ಹಾಕಿ ನಾನೇ ಮತ್ತೆ ಹತ್ತಿದೆ. ಎಪ್ಪತ್ತೆರಡು. ನನ್ನದು ಖರೇ, ಅವಳದು ಸುಳ್ಳು ಎನ್ನುವುದು ಹೇಗೆ?

ಅಕ್ಕನನ್ನು ಬೆಂಚಿನ ಮೇಲೆ ಕೂಡಿಸಿದೆ. "ಏನಾಗ್ಯದ ನಿನಗ? ಆರಾಮಿಲ್ಲೇನು?"

"ಏನಿಲ್ಲ ತಗಿ. ಬಿಸಲಿಗಿ ಜರಾ ಇಳದೀನಿ."

"ಹತ್ತು ಕಿಲೋ ಬಿಸಲಿಗಿ ಇಳೀತಾವೇನು? ನನ್ನ ಆಣಿ ಅದ, ಖರೇ ಹೇಳು."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀ ಹನ್ನೆರಡು ತುತ್ತು ಒಂದು ಉಸರಿಗಿ ಉಂಡು ಎದ್ದುಬಿಡ್ತಿ. ನಂದು ಆಗ ಐದೋ ಆರೋ ಆಗಿರ್ತಾವ. ನಂದು ಸಾವಕಾಶ ಊಟ, ನಿನಗ ಗೊತ್ತದಲ್ಲ."

"ನಾ ಎದ್ರ ನಿನಗೇನಾಯ್ತು? ಕುಂತು ಉಣಬೇಕಿಲ್ಲೋ!"

"ಹೆಂಗ ಉಣ್ಲಿ? ಒಂದಽ ಗಂಗಾಳದಾಗ ಕುಂತು, ಒಬ್ಬಾಕಿ ಕೈ ತೊಳದ ಮ್ಯಾಲ ಇನ್ನೊಬ್ಬಾಕಿ ಉಣ್ತಾಳೇನು?" ಎಂದಳು. ಬೆರಳಿನ ಸೆರಗು ಬಿಚ್ಚುತ್ತ, "ಮತ್ತ ಮೊದಲನೇ ವಾರದಾಗ ನೀನಽ ಅಂದಿದ್ದೆಲ್ಲ. ನಾ ಹಸ್ಕೊಂಡು ಸಾಯ್ಲಿಕತ್ತೀನಿ, ನೀ ಎದುರಿಗಿ ಕುಂತು ಎಮ್ಮಿ ಹಂಗ ಮೇಯ್ಲಿಕತ್ತಿ ಅಂತ."

ಆ ಮಾತು ಆಡಿದ್ದು ನನಗೆ ನೆನಪೇ ಇರಲಿಲ್ಲ. ಇವತ್ತಿಗೂ ಇಲ್ಲ. ಅಂದಿರುತ್ತೇನೆ, ನನ್ನ ಬಾಯಿ ನನಗೆ ಗೊತ್ತು. ಒಂದೊಂದು ತುತ್ತಿಗೂ ಗೀರು ಹಾಕಿಟ್ಟವಳು, ಎದುರಿಗೆ ಒಂದು ಮೊಳ ದೂರದಲ್ಲಿ ಹಸಿದು ಎದ್ದು ಹೋದವಳನ್ನು ಮೂರು ತಿಂಗಳು ನೋಡಲಿಲ್ಲ. "ಬಾಯಿಲ್ಲೇನು ನಿನಗ? ಹೇಳ್ಲಿಕ್ಕ ಬರಂಗಿಲ್ಲೇನು?" ಎಂದು ಪ್ಲಾಟ್‌ಫಾರ್ಮಿನ ಮಂದಿಯೆಲ್ಲ ತಿರುಗಿ ನೋಡುವಂತೆ ಅವಳಿಗೇ ಒದರಿದೆ. ಒದರುತ್ತಲೇ ಅಳು ಬಂತು. ನಾಚಿಕೆಯಿಂದ ಸತ್ತು ಹೋಗುವಂತಾಯಿತು.

"ಹೇಳಿದ್ರ ನೀ ಎಣಿಸೋದು ಬಿಡ್ತಿದ್ದಿ" ಎಂದಳು ಅಕ್ಕ. "ಮಕ್ಕಳು ಸಣ್ಣವು ಅವ."

ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮಿಬ್ಬರನ್ನೂ ನೋಡಿ, "ಪೇಷಂಟ್ ಯಾರಮ್ಮ?" ಎಂದು ಕೇಳಿದರು. ನನ್ನನ್ನು ತೂಗಿ, ಇನ್ನೆರಡು ಕಿಲೋ ಇಳಿದರೆ ತಾರೀಖು ಕೊಡುತ್ತೇನೆ ಎಂದರು. ಅಕ್ಕನ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತದ ಗುಳಿಗೆ ಬರೆದರು.

ಮರುದಿನ ಮಧ್ಯಾಹ್ನ ನಾನು ಯಾರನ್ನೂ ಕೇಳದೆ ಎರಡು ತಾಟು ಹಾಕಿದೆ. ಅತ್ತೆಗೆ ಉತ್ತರ ಕೊಡಲು ಸಿದ್ಧಳಾಗಿಯೇ ನಿಂತಿದ್ದೆ. ಆದರೆ ಮಾತಾಡಿದವಳು ಅಕ್ಕ. ತನ್ನ ತಾಟಿನ ಮುಂದೆ ಕೂತು, ರೊಟ್ಟಿ ಮುಟ್ಟದೆ, "ನನ್ನ ಬ್ಯಾರೆ ಇಡ್ತಿ ಏನು?" ಎಂದಳು. ಅಷ್ಟೇ ಅಂದಿದ್ದು. ನಾನು ಎರಡೂ ತಾಟು ಎತ್ತಿಟ್ಟು ಗಂಗಾಳ ತಂದೆ.

ಹನ್ನೆರಡು ಬಿಡುವಂತಿರಲಿಲ್ಲ, ಮುಗಿಸಿ ಎದ್ದುಹೋಗುವಂತೆಯೂ ಇರಲಿಲ್ಲ. ಹಾಗಾಗಿ ತುತ್ತುಗಳನ್ನು ಎಳೆಯತೊಡಗಿದೆ. ಅವಳೊಂದು ಉಂಡ ಮೇಲೆ ನಾನೊಂದು. ನನ್ನವು ಮುಗಿದ ಮೇಲೂ ಬಲಗೈ ಗಂಗಾಳದ ಅಂಚಿಗೇ ಇರಬೇಕು, ತೊಳೆಯಬಾರದು. ಎರಡು ನಿಮಿಷ ಒಂದು ಕಡೆ ಕೂಡಲಾಗದ ನನಗೆ ಇದು ಹಸಿವಿಗಿಂತ ದೊಡ್ಡ ಶಿಕ್ಷೆ. ಕಾಲು ತುರಿಸುತ್ತಿತ್ತು, ಬೆನ್ನು ಉರಿಯುತ್ತಿತ್ತು, ಬೆರಳಿಗೆ ಹತ್ತಿದ ಪಲ್ಯ ಒಣಗಿ ಚರ್ಮ ಬಿಗಿಯುತ್ತಿತ್ತು. ಆ ಎರಡು ಕಿಲೋ ಇಳಿಯಲು ಒಂದಲ್ಲ, ಎರಡು ತಿಂಗಳು ಹಿಡಿಯಿತು. ಆಪರೇಷನ್ ಆಯಿತು, ಹೊಲಿಗೆ ನಿಂತಿತು.

ಆದರೆ ನನಗೆ ಹೆಚ್ಚು ನೆನಪಿರುವುದು ಆ ಮೊದಲ ಮಧ್ಯಾಹ್ನ. ನನ್ನ ಹನ್ನೆರಡು ಯಾವಾಗಲೋ ಮುಗಿದಿದ್ದವು. ಅಕ್ಕನಿಗೂ ಅದು ಗೊತ್ತಿತ್ತು, ಅವಳೂ ಮನಸ್ಸಿನಲ್ಲಿ ಎಣಿಸುತ್ತಲೇ ಇದ್ದವಳು. ನನ್ನ ಒಣಗಿದ ಕೈ ನೋಡಿದಳು, ಮುಖ ನೋಡಿದಳು. ನಾನು ಪಕ್ಕದ ಮನೆಯವರ ಸುದ್ದಿ ತೆಗೆದೆ. ಅವಳು ಎರಡನೆಯ ರೊಟ್ಟಿ ಮುಗಿಸಿ, ನಾಚುತ್ತ ಮೂರನೆಯದಕ್ಕೆ ಕೈ ಹಾಕಿದಳು.