ದೇಹೂ ರೋಡಿನಲ್ಲಿ ಅರ್ಧಕ್ಕೆ ನಿಂತ ಪ್ರಾರ್ಥನೆ

ಧಾರವಾಡದಲ್ಲಿ ನಸುಕಿನ ರೈಲು ಹತ್ತಿ ಕೂತ ಕೂಡಲೇ ನೋಟ್‌ಬುಕ್ ತೆಗೆದು ಕಾಕಾ, ಅಂದರೆ ನನ್ನ ಚಿಕ್ಕಪ್ಪ, ತೀರಿಕೊಂಡ ದಿನದ ಬಗ್ಗೆ ನೆನಪಿದ್ದಷ್ಟನ್ನೂ ಬರೆದುಕೊಂಡೆ. ‘ಆಸ್ಪತ್ರೆಯ ವಾರ್ಡು. ಕಿಟಕಿ ಪಕ್ಕದ ಮಂಚ. ಸಂಜೆ ಬಿಸಿಲು ಕಾಕಾನ ಕಾಲ ಮೇಲೆ. ಸುತ್ತ ಐದಾರು ಜನ, ಪ್ರಾರ್ಥನೆ. ಕಾಕಾ ಬಾಯಿ ತೆರೆದರು.’ ಅಲ್ಲಿಗೆ ಪೆನ್ನು ನಿಂತಿತು. ಬಾಯಿ ತೆರೆದು ಏನೆಂದರು? ಬೆಳಗಾವಿ ಬರುವಷ್ಟರಲ್ಲಿ ‘ನೀರು’ ಅಂದಿದ್ದರು ಅನ್ನಿಸಿತು. ಮೀರಜಿನಲ್ಲಿ, ಇಲ್ಲ, ಹೆಂಡತಿಯ, ನಮ್ಮ ಕಾಕುವಿನ, ಹೆಸರು ಹಿಡಿದು ಕರೆದಿದ್ದರು ಅನ್ನಿಸಿತು. ಸಾತಾರಾ ದಾಟುವಾಗ ಎರಡನ್ನೂ ಹೊಡೆದುಹಾಕಿದೆ. ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವನು. ನೆನಪನ್ನು ಹೊರತೆಗೆದಾಗಲೆಲ್ಲ ನಾವು ಅದನ್ನು ಒಂದಿಷ್ಟು ಹೊಸದಾಗಿ ಹೊಲಿಯುತ್ತೇವೆ ಎಂದು ವರ್ಷಾವರ್ಷ ಪಾಠ ಮಾಡುತ್ತೇನೆ. ಆ ಪಾಠ ನನ್ನ ಮೇಲೆಯೇ ತಿರುಗಿ ಬೀಳುತ್ತದೆಂದು ಎಣಿಸಿರಲಿಲ್ಲ.

ಪ್ರಯಾಣದ ಕಾರಣ ಒಂದು ಫೋನು. ಪುಣೆಯ ಕನ್ನಡ ಕ್ರೈಸ್ತ ಸಭೆಯೊಂದಕ್ಕೆ ಹೊಸದಾಗಿ ಬಂದ ಪಾಸ್ಟರ್ ಸಮುವೇಲ ಹಿಂದಿನ ವಾರ ಮಾತಾಡಿದ್ದರು. ಪುಣೆ ಪಕ್ಕದ ದೇಹೂ ರೋಡ್ ಊರಿನಲ್ಲಿರುವ ನನ್ನ ಶಾಂತಾ ಕಾಕು ಎರಡು ವರ್ಷದಿಂದ, ಕಾಕಾ ತೀರಿಕೊಂಡಾಗಿನಿಂದ, ಚರ್ಚಿನ ಮೆಟ್ಟಿಲು ಹತ್ತಿಲ್ಲ. ಮೊದಲು ಅಲ್ಲಿ ಹಾಡು ಎತ್ತಿಕೊಡುತ್ತಿದ್ದವರು ಅವರೇ. “ಕೊನೀ ದಿನ ಎಲ್ಲಾರೂ ಕಣ್ಣು ಮುಚ್ಚಿ ಪ್ರಾರ್ಥನಾ ಮಾಡೂ ಹೊತ್ತಿನ್ಯಾಗ ಅವರು ಏನೋ ಅಂದ್ರು. ನಾ ಕೇಳಲಿಲ್ಲ. ಸುಧೀರ ಒಬ್ಬಾಂವ ಕಣ್ಣು ತೆರದಿದ್ದ, ಅವನ್ನ ಕೇಳ್ರಿ” ಎಂದಿದ್ದರಂತೆ. ಖರೆ. ನಾನು ದೇವರನ್ನು ಬಿಟ್ಟು ಇಪ್ಪತ್ತು ವರ್ಷವಾಯಿತು, ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುವುದಿಲ್ಲ. ಪ್ರಾರ್ಥನೆಯೊಂದಕ್ಕೆ ನಾಸ್ತಿಕನ ಸಾಕ್ಷಿ ಬೇಕಾಗಿದೆ ಎಂಬ ಹುರುಪಿನಲ್ಲೇ ರಜೆ ಬರೆದುಕೊಟ್ಟಿದ್ದೆ.

ಮಧ್ಯಾಹ್ನ ಪುಣೆಯಲ್ಲಿ ಇಳಿದಾಗ ಫೆಬ್ರವರಿಯ ಬಿಸಿಲು ಹದವಾಗಿತ್ತು. ಶಿವಾಜಿನಗರದಲ್ಲಿ ಕುಂದಾಪುರದವರ ಹೋಟೆಲೊಂದರಲ್ಲಿ ಪಾಸ್ಟರ್ ಕಾಯುತ್ತಿದ್ದರು. ಬೀದರ ಕಡೆಯ ಸಣಕಲು ಮನುಷ್ಯ, ನಲವತ್ತರ ಆಸುಪಾಸು. ನೂರಾ ನಲವತ್ತು ರೂಪಾಯಿಯ ಊಟ, ಸಾರು ಬೇಕಾದಷ್ಟು.

“ಸಭೆಯವರು ನನ್ನ ಮ್ಯಾಲ ಕಂಪ್ಲೇಂಟ್ ಮಾಡ್ಯಾರ್ರಿ,” ಎಂದು ನಗುತ್ತ ಶುರುಮಾಡಿದರು. “ಮನೀಗೆ ಬರತಾರ, ಚಹಾ ಕುಡೀತಾರ, ಸುಮ್ಮನ ಕೂತು ಹೋಗ್ತಾರ, ಪ್ರಾರ್ಥನಾನ ಮಾಡೂದಿಲ್ಲ ಅಂತ.”

“ಯಾಕ ಮಾಡೂದಿಲ್ಲ?”

“ಮೊದಲ ಮಾಡತಿದ್ದೆ. ಒಂದು ಮನೀಗೆ ಹತ್ತು ನಿಮಿಷ. ಚಹಾ, ಒಂದು ಕೀರ್ತನೆ, ಪ್ರಾರ್ಥನಾ, ಮುಂದಿನ ಮನಿ. ಯಾರರ ಅಳಾಕ ಹತ್ತಿದ್ರ ನಮಗ ತಡಕೊಳ್ಳಾಕ ಆಗೂದಿಲ್ಲ. ‘ಪ್ರಾರ್ಥನಾ ಮಾಡೂಣು’ ಅಂದುಬಿಡತೀವಿ. ಪಾಪ, ಅವರು ಬಾಯಿ ಮುಚ್ಚತಾರ. ಹತ್ತು ವರ್ಷ ಮಂದಿ ಬಾಯಿ ಮುಚ್ಚಿಸೀನಿ ನಾನು.” ಈಗ ಬೈಬಲ್ಲು ಚೀಲದಲ್ಲೇ ಇರುತ್ತದೆ, ಮನೆಯವರು ಕೇಳಿದರೆ ಮಾತ್ರ ಹೊರಗೆ ಬರುತ್ತದೆ ಎಂದರು. ಕಾಕುವಿನ ಮನೆಯಲ್ಲಿ ಮೂರು ಸಲ ಸುಮ್ಮನೆ ಕೂತು ಬಂದಿದ್ದರು. ನಾಲ್ಕನೆಯ ಸಲ ಕಾಕು ಬಾಯಿಬಿಟ್ಟಿದ್ದರು. ಮಾತಿಗಿಂತ ಕಿವಿಯನ್ನು ನಂಬುವ ಪಾದ್ರಿಯನ್ನು ನಾನು ನೋಡಿದ್ದು ಅದೇ ಮೊದಲು. ಕೇಳುತ್ತ ಕೇಳುತ್ತ ಅನ್ನ ಆರಿಹೋಗಿತ್ತು.

ನಾಲ್ಕು ಗಂಟೆಗೆ, ಭೇಟಿಯ ಹೊತ್ತಿಗೆ, ನನ್ನ ಹಟದಿಂದ ಆಸ್ಪತ್ರೆಗೆ ಹೋದೆವು. ಜಾಗ ನೋಡಿದರೆ ಮಾತು ನೆನಪಾದೀತು ಎಂಬ ಆಸೆ. ಅದೇ ಮಹಡಿ, ಅದೇ ವಾರ್ಡು. ಆದರೆ ಕಾಕಾನ ಮಂಚವಿದ್ದ ಕಡೆ ಕಿಟಕಿಯೇ ಇರಲಿಲ್ಲ. ಹಸಿರು ಬಣ್ಣ ಬಳಿದ ಗೋಡೆ, ಅದರ ಮೇಲೆ ಪೈಪುಗಳು. ಕಿಟಕಿಯನ್ನು ಯಾವಾಗ ಮುಚ್ಚಿಸಿದಿರಿ ಎಂದು ನರ್ಸನ್ನು ಕೇಳಿದೆ. “ಖಿಡಕೀ ಇಥೆ ಕಧೀಚ್ ನವ್ಹತೀ,” ಎಂದರು ಆಕೆ. ಇಲ್ಲಿ ಯಾವತ್ತೂ ಕಿಟಕಿ ಇರಲಿಲ್ಲ. ಹಾಗಾದರೆ ಕಾಕಾನ ಕಾಲ ಮೇಲೆ ಬಿದ್ದಿದ್ದ ಬಿಸಿಲು ಎಲ್ಲಿಯದು? ಕಿಟಕಿಯನ್ನೇ ಕಟ್ಟಿಕೊಂಡವನು ಮಾತನ್ನೂ ಕಟ್ಟಿಕೊಂಡಿರಬಹುದಲ್ಲ? ಆ ಸಂಜೆ ಪಾಸ್ಟರ್ ಮನೆಯಿಂದ ಧಾರವಾಡಕ್ಕೆ, ಹೆಂಡತಿ ವೀಣಾಳಿಗೆ, ಫೋನ್ ಮಾಡಿದೆ. “ಕಾಕಾ ಹೋದ ದಿನ ನಾ ನಿನಗ ಏನರ ಮೆಸೇಜ್ ಮಾಡಿದ್ನೇನು, ಸ್ವಲ್ಪ ಹುಡುಕು.”

ಮರುದಿನ ಬೆಳಿಗ್ಗೆ ಶಿವಾಜಿನಗರದಿಂದ ಲೋಕಲ್ ಹಿಡಿದೆವು. ಟಿಕೆಟು ಹತ್ತು ರೂಪಾಯಿ. ಖಡಕಿ ದಾಟಿತು, ದಾಪೋಡಿ ದಾಟಿತು. ಪಿಂಪ್ರಿಯಲ್ಲಿ ಫ್ಯಾಕ್ಟರಿಯ ಜನ ಇಳಿದು ಕೂರಲು ಜಾಗ ಸಿಕ್ಕಿತು. ಚಿಂಚವಡದ ಹತ್ತಿರ ಫೋನು ನಡುಗಿತು. ವೀಣಾ ಹಳೆಯ ಮೆಸೇಜಿನ ಚಿತ್ರ ಕಳಿಸಿದ್ದಳು, ನನ್ನದೇ ಮಾತು: ‘ಜಯಪ್ಪನವರ ಪ್ರಾರ್ಥನೆ, ಹನ್ನೆರಡು ನಿಮಿಷ ಆಯಿತು. ಟೈಮ್ ಹಿಡಿದಿದ್ದೇನೆ. ಕಾಕಾ ಎರಡು ಸಲ ಏನೋ ಹೇಳಲು ಹೋದರು. ಪಾಪ, ಪಾಳಿ ಬರಲಿಲ್ಲ.’ ಕೆಳಗೊಂದು ನಗುವ ಮುಖ.

ಸೀಟಿನಿಂದ ಎದ್ದೇಬಿಟ್ಟೆ. ಸಾಕ್ಷಿ ಸಿಕ್ಕಿತ್ತು. ಕೂತ ಮೇಲೆ ಇನ್ನೊಂದು ಸಲ ಓದಿದೆ. ಕಣ್ಣು ತೆರೆದಿದ್ದೆ ನಿಜ. ಆದರೆ ಕಾಕಾನ ತುಟಿಗೆ ಕಿವಿ ಕೊಡದೆ ಪ್ರಾರ್ಥನೆಯ ನಿಮಿಷ ಎಣಿಸುತ್ತಿದ್ದೆ. ಫೋನನ್ನು ಪಾಸ್ಟರಿಗೆ ಕೊಟ್ಟೆ. ಓದಿ ವಾಪಸ್ ಕೊಟ್ಟರು. “ಜಯಪ್ಪನವರೂ ಇವತ್ತ ಅಕ್ಕಾರ ಮನೀಗೆ ಬರತಾರ್ರಿ,” ಎಂದರು.

ಕಾಕಾ ಸೈನ್ಯದ ಡಿಪೋದಲ್ಲಿ ಕೆಲಸಕ್ಕಿದ್ದು ನಿವೃತ್ತರಾದವರು. ದೇಹೂ ರೋಡಿನ ಪೇಟೆಯ ಹಿಂದೆ ಅವರ ಎರಡು ಖೋಲಿಯ ಮನೆ. “ಬಾರಪ್ಪಾ. ಭಾಳ ಸೊರಗೀದಿ. ವೀಣಾ ಅಡಗೀ ಮಾಡೂದಿಲ್ಲೇನು?” ಎಂದರು ಕಾಕು. ಸಭೆಯ ಹಿರಿಯರಾದ ಜಯಪ್ಪ ಇಸ್ತ್ರಿಯ ಬಿಳಿ ಅಂಗಿಯಲ್ಲಿ ಆಗಲೇ ಕೂತಿದ್ದರು. ಚಹಾ ಬಂತು. ಕಾಕು ನನ್ನೆದುರು ಕೂತು ನೇರವಾಗಿ ಕೇಳಿದರು, “ಅವರು ಏನಂದ್ರು, ಸುಧೀರ?” ಕೇಳುವಷ್ಟರಲ್ಲೇ ಸೆರಗು ಬಾಯಿಗೆ ಹೋಯಿತು.

“ಪ್ರಾರ್ಥನಾ ಮಾಡೂಣು,” ಎಂದರು ಜಯಪ್ಪ. ರೂಢಿಯ ಬಲ ನೋಡಿ, ಪಾಸ್ಟರೂ ತಲೆ ತಗ್ಗಿಸಿದರು. “ಪರಲೋಕದಲ್ಲಿರುವ ನಮ್ಮ ತಂದೆಯೇ, ಈ ಕುಟುಂಬದ ದುಃಖವನ್ನು ನೀನು ಬಲ್ಲವನಾಗಿದ್ದೀ...” ನಾನು ಎಂದಿನಂತೆ ಕಣ್ಣು ತೆರೆದೇ ಇದ್ದೆ. ಈ ಸಲ ಕಾಕುವಿನ ಕಣ್ಣೂ ತೆರೆದಿದ್ದವು, ನನ್ನನ್ನೇ ನೋಡುತ್ತಿದ್ದವು. ಪಾಸ್ಟರ್ ತಲೆ ಎತ್ತಿದರು, ಅದನ್ನು ಕಂಡರು, ಜಯಪ್ಪನವರ ಮೊಣಕಾಲ ಮೇಲೆ ಕೈಯಿಟ್ಟರು.

“ಅಣ್ಣಾರ, ಒಂದಿಷ್ಟು ತಡೀರಿ. ಅಕ್ಕಾರ ಮಾತು ಮುಗದಿಲ್ಲ.”

ಆಮೆನ್ ಇಲ್ಲದೆ ಪ್ರಾರ್ಥನೆ ನಿಂತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಜಯಪ್ಪನವರೂ ಕಂಡಿರಲಿಕ್ಕಿಲ್ಲ. ಅವರ ಬಾಯಿ ಹಾಗೇ ತೆರೆದಿತ್ತು.

ಸಮಾಧಾನವಾಗುವಂಥ ಒಂದು ಮಾತು ಕಟ್ಟಿ ಹೇಳುವುದು ಆಗ ಬಹಳ ಸುಲಭವಿತ್ತು. ‘ನಿಮ್ಮ ಹೆಸರು ಹಿಡಿದು ಕರೆದರು’ ಎಂದರೆ ಸಾಕಿತ್ತು. “ಕಾಕು, ನನಗ ಗೊತ್ತಿಲ್ಲ,” ಎಂದೆ. ಇಲ್ಲದ ಕಿಟಕಿಯ ಕಥೆ ಹೇಳಿದೆ. ಆಮೇಲೆ ಮೆಸೇಜನ್ನು ಇದ್ದದ್ದು ಇದ್ದ ಹಾಗೆ ಓದಿದೆ. ಜಯಪ್ಪನವರ ಹೆಸರು, ಹನ್ನೆರಡು ನಿಮಿಷ, ಪಾಳಿ. ನಗುವ ಮುಖವನ್ನೂ ಬಿಡಲಿಲ್ಲ. “ನಾ ಟೈಮ್ ನೋಡಕೋತ ನಿಂತಿದ್ದೆ. ಕೇಳಬಹುದಿತ್ತು, ಕೇಳಲಿಲ್ಲ.”

ಕಾಕು ಬಾಯಿಯಿಂದ ಸೆರಗು ತೆಗೆದರು. “ಹಂಗಾರ ಅವರು ಅಂದದ್ದು ಖರೆ,” ಎಂದರು. “ಎಲ್ಲಾರೂ ನನಗ ಭ್ರಮಾ ಅಂದ್ರು. ಡಾಕ್ಟರು, ಮಗಳು, ಸಭೆಯವರು. ಎರಡು ವರ್ಷ. ಎರಡು ಸಲ ಅಂದ್ರಂತ, ಹೌದಲ್ಲೋ?”

“ಹೌದು ಕಾಕು. ಎರಡು ಸಲ.”

ಜಯಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. “ಭ್ರಮಾ ಅಂದಾಂವ ನಾನೂ ಹೌದು,” ಎಂದರು. “ಶಾಂತಕ್ಕಾ, ಮುಂದ ಹೇಳ್ರಿ.”

ಕಾಕು ಹೇಳಿದರು. ಆಸ್ಪತ್ರೆಯ ಒಂಬತ್ತು ದಿನ, ಕಾಕಾ ಕೇಳಿ ಕೇಳಿ ತಿನ್ನದೆ ಬಿಟ್ಟ ಜೋಳದ ರೊಟ್ಟಿ, ಅವತ್ತು ಪ್ರಾರ್ಥನೆಯಲ್ಲಿ ತಾವೇ ಎಲ್ಲರಿಗಿಂತ ಜೋರಾಗಿ ‘ಕರ್ತನೇ’ ಅಂದದ್ದು, ತಮ್ಮ ಮೇಲಿನ ಆ ಸಿಟ್ಟಿಗೇ ಚರ್ಚಿನಲ್ಲಿ ಬಾಯಿ ತೆರೆಯಲಾಗದೆ ಹೋದದ್ದು. ಚಹಾ ಎರಡು ಸಲ ಆರಿತು. ಯಾರೂ ನಡುವೆ ಬಾಯಿ ಹಾಕಲಿಲ್ಲ. ನಾನು ಫೋನನ್ನು ಚೀಲದೊಳಗೆ ಹಾಕಿದ್ದೆ, ಆದ್ದರಿಂದ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕೊನೆಗೆ ಕಾಕುವೇ, “ಈಗ ಮಾಡ್ರಿ ಪ್ರಾರ್ಥನಾ,” ಎಂದರು.

“ಏನಂತ ಮಾಡ್ಲಿ?” ಎಂದು ಕೇಳಿದರು ಜಯಪ್ಪ.

“ಅವರು ಏನು ಬೇಡಿದ್ರೋ ಅದು ನಿನಗ ಗೊತ್ತದ, ಅಷ್ಟ ಸಾಕು ಅನ್ರಿ.”

ಜಯಪ್ಪ ಅಷ್ಟನ್ನೇ ಅಂದರು. ಮೇಲೊಂದು ಆಮೆನ್.

ಸಂಜೆ ಪಾಸ್ಟರ್ ಮನೆಗೆ ಮರಳಲು ಲೋಕಲ್ ಹತ್ತಿದಾಗ ಕಾಕು ಒಂದು ಡಬ್ಬಿ ಕಟ್ಟಿಕೊಂಡು ಸ್ಟೇಷನ್ನಿಗೆ ಬಂದಿದ್ದರು. ಬರುವ ಭಾನುವಾರ ಚರ್ಚಿಗೆ ಬರುತ್ತೀರಾ ಎಂದು ಪಾಸ್ಟರ್ ಕೇಳಲಿಲ್ಲ. ನಾನೂ ಕೇಳಲಿಲ್ಲ. ಗಾಡಿ ಕದಲಿದಾಗ ಕಾಕು ಪಕ್ಕದಲ್ಲಿ ನಾಲ್ಕು ಹೆಜ್ಜೆ ನಡೆದು ಏನೋ ಅಂದರು. ಆಚೆ ಹಳಿಯ ಮೇಲೆ ಎಕ್ಸ್‌ಪ್ರೆಸ್ಸೊಂದು ಅಬ್ಬರಿಸಿಕೊಂಡು ಹೋಯಿತು. ತುಟಿ ಆಡಿದ್ದು ಮಾತ್ರ ಕಂಡಿತು. ಆಕುರ್ಡಿ ಬಂದ ಕೂಡಲೇ ಫೋನ್ ಹಚ್ಚಿದೆ.

“ಕಾಕು, ಗಾಡಿ ಬಿಡೂ ಮುಂದ ಏನೋ ಅಂದ್ರಲ್ಲ, ಏನದು?”

“ಏನಿಲ್ಲೋ. ಡಬ್ಬಿಯೊಳಗ ಚಟ್ನಿ ಅದ, ಸೋರತದ. ಸೀದಾ ಇಡು ಅಂದೆ.”

ಡಬ್ಬಿಯನ್ನು ತೊಡೆಯ ಮೇಲೆ ಸೀದಾ ಇಟ್ಟುಕೊಂಡೆ. ನೋಟ್‌ಬುಕ್ ತೆಗೆದು ಆ ಮಾತನ್ನು, ಅವರು ಅಂದ ಹಾಗೆಯೇ, ಬರೆದುಕೊಂಡೆ.