ಕುಂಕುಮ ಹಚ್ಚಿದ ಸಿ.ಡಿ.

ಪುಣೆಯ ಕನ್ನಡದವರಿಗೆ ಮದುವೆಯಿರಲಿ, ತೊಟ್ಟಿಲಿರಲಿ, ಕನ್ನಡದಲ್ಲಿ ಆಮಂತ್ರಣ ಪತ್ರಿಕೆ ಬೇಕೆಂದರೆ ಕೋಥರೂಡಿನ ತ್ರಿವೇಣಿಯ ಮನೆಗೆ ಬರುತ್ತಿದ್ದರು. ಬಾಲ್ಕನಿಗೆ ತಾಗಿದ ಮೂಲೆಯಲ್ಲಿ ಅವಳ ಕಂಪ್ಯೂಟರ್. ಗಂಡ ಬಸವಪ್ರಭು ತಾನು ಕ್ಲಾರ್ಕ್ ಆಗಿದ್ದ ಆಫೀಸಿನವರು ಬೇಡವೆಂದು ಹಾಕಿದ್ದನ್ನು ಮನೆಗೆ ತಂದಿದ್ದ. ತ್ರಿವೇಣಿ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ತಾನೇ ಕಲಿತು, ಕೀಲಿಮಣೆಯ ಮೇಲೆ ಕನ್ನಡ ಎಲ್ಲೆಲ್ಲಿದೆ ಎಂದು ಬೆರಳಿಗೆ ರೂಢಿ ಮಾಡಿಸಿದ್ದಳು.

ಬರುವವರು ದೇವರ ಚಿತ್ರ, ಮಕ್ಕಳ ಫೋಟೊ ಎಂದು ಪೆನ್‌ಡ್ರೈವ್ ತರುತ್ತಿದ್ದರು. ಅದರೊಡನೆ ವೈರಸ್ಸೂ ಬರುತ್ತಿತ್ತು. ಆಗೆಲ್ಲ ರಿಪೇರಿ ಮಾಡುವ ಮರಾಠಿ ಹುಡುಗ ಕುಶಲನನ್ನು ಕರೆಯಬೇಕು. ಅವನು ಕುರ್ಚಿಯ ಮೇಲೆ ಕೂರುವ ಮೊದಲೇ, "ವಹಿನಿ, ಸಗಳಂ ಪುಸಾವಂ ಲಾಗೇಲ" ಎನ್ನುತ್ತಿದ್ದ. ಅತ್ತಿಗೆ, ಎಲ್ಲ ಅಳಿಸಬೇಕಾಗುತ್ತದೆ, ಎಂದು. ಅಳಿಸುತ್ತಿದ್ದ. ತಿಂಗಳುಗಟ್ಟಲೆಯ ಕೆಲಸ ಅದರೊಡನೆ ಹೋಗುತ್ತಿತ್ತು.

"ಇನ್ನೊಮ್ಮೆ ಕೆಟ್ಟಿತಂದ್ರ ರದ್ದಿಯವಗ ಕೊಟ್ಟು ಬಿಡೋಣು," ಎಂದ ಬಸವಪ್ರಭು. ಕೋಪದಿಂದಲ್ಲ, ದಣಿವಿನಿಂದ.

ಯಾರನ್ನೂ ಕಾಯದೆ ತಾನೇ ನೋಡಿಕೊಳ್ಳಬಹುದಾದ ಒಂದು ಯಂತ್ರ. ತ್ರಿವೇಣಿಗೆ ಬೇಕಾಗಿದ್ದುದು ಅಷ್ಟೇ.

ಕರ್ವೆ ರೋಡಿನ ಸಭಾಂಗಣವೊಂದರಲ್ಲಿ ವೈರಸ್ಸು ಅಷ್ಟಾಗಿ ತಗಲದ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ತೋರಿಸುತ್ತಾರೆಂದು ಪೇಪರಿನಲ್ಲಿ ಓದಿ, ಕಾಲೇಜು ಹುಡುಗರ ನಡುವೆ ಹೋಗಿ ಕೂತಳು. ಅದರ ಎರಡು ಬಗೆಯ ಸಿ.ಡಿ., ನೀಲಿ ಬಣ್ಣದ್ದೊಂದು, ಹಸಿರು ಬಣ್ಣದ್ದೊಂದು, ಹಿಡಿದು ಬಂದಳು. ಇದನ್ನು ಮಾಡಿದವರು ಲೋಕದ ತುಂಬ ಇದ್ದಾರೆ, ಯಾರು ಬೇಕಾದರೂ ಬಳಸಬಹುದು, ಇನ್ನೊಬ್ಬರಿಗೂ ಕೊಡಬಹುದು ಎಂದು ಅತ್ತೆ ರುದ್ರವ್ವನಿಗೆ ವಿವರಿಸಿದಳು.

"ದಾಸೋಹ ಅನ್ನು ಮತ್ತ," ಎಂದಳು ರುದ್ರವ್ವ.

ಯಂತ್ರದೊಳಗೆ ಇಳಿಸದೆಯೇ ಸಿ.ಡಿ.ಯಿಂದ ನಡೆಸಿ ನೋಡಬಹುದಿತ್ತು. ಮಧ್ಯಾಹ್ನಗಳಲ್ಲಿ ತ್ರಿವೇಣಿ ಒಮ್ಮೆ ನೀಲಿ, ಒಮ್ಮೆ ಹಸಿರು ಹಾಕಿ ಅದೇ ಒಂದು ಪತ್ರಿಕೆಯನ್ನು ಟೈಪು ಮಾಡುತ್ತಿದ್ದಳು. ನೀಲಿ ಚುರುಕು. ಪ್ರಿಂಟರನ್ನು ಕಂಡಕೂಡಲೇ ಗುರುತು ಹಿಡಿಯಿತು. ಹಸಿರು ನಿಧಾನ, ಪ್ರಿಂಟರಿನ ಪರಿಚಯವೇ ಇಲ್ಲ. ಆದರೆ ಅದರ ಪರದೆಯ ಮೇಲಿನ ಹೆಸರುಗಳೆಲ್ಲ ಕನ್ನಡದಲ್ಲಿದ್ದವು. ಊರಿನಲ್ಲಿ ನಾಲ್ಕನೇ ಇಯತ್ತೆ ಓದಿದ್ದ ರುದ್ರವ್ವ, ಪುಣೆಗೆ ಬಂದ ಮೇಲೆ ಬಸ್ಸಿನ ಮರಾಠಿ ಹಲಗೆಯನ್ನೂ ಬೇರೆಯವರನ್ನು ಕೇಳಿ ತಿಳಿಯುತ್ತಿದ್ದವಳು, ಕನ್ನಡಕ ಏರಿಸಿ ಹತ್ತಿರ ಬಂದಳು.

"ಕ-ಡ-ತ. ಏನವಾ ಇದು, ತಹಶೀಲ್ದಾರ ಕಚೇರಿ ಮನಿಗೇ ಬಂತೇನು?" ಎಂದು ನಕ್ಕಳು. "ಇದನ್ನ ಇಟ್ಕೋ. ಇದಕ್ಕ ನಮ್ಮ ಮಾತು ಬರ್ತದ."

"ಪ್ರಿಂಟರ್ ಮಾತು ಬರಂಗಿಲ್ರಿ ಅತ್ತಿ."

"ಎಷ್ಟ ದಿನ ಕನ್ಯಾ ನೋಡ್ತಿ? ನನ್ನ ಮಗಾ ನಿನ್ನ ಒಂದ ಸಲ ನೋಡಿ ಹೂಂ ಅಂದಿದ್ದ."

"ಅದಕ್ಕ ನಾ ಎರಡೆರಡ ಸಲ ನೋಡ್ಲಿಕತ್ತೀನ್ರಿ."

ಕೊನೆಗೆ ನೀಲಿಯೇ ಎಂದು ನಿರ್ಧರಿಸಿದಳು. ದಸರೆಯ ದಿನ ಇಳಿಸುವುದು. ರಾಂಜಣಗಾಂವದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಶಂಕ್ರೆಪ್ಪ ಅದೇ ಸಂಜೆ ಪತ್ರಿಕೆ ಒಯ್ಯಲು ಬರುವವನಿದ್ದ. ಅವನ ಮೊಮ್ಮಗನ ಜಾವಳ, ಮೊದಲ ಕೂದಲು ತೆಗೆಸುವ ಕಾರ್ಯ, ಜೇಜುರಿಯ ದೇವಸ್ಥಾನದಲ್ಲಿತ್ತು. ಪತ್ರಿಕೆಯ ಪ್ರತಿ ಅಂದೇ ಬೇಕು, ರಜೆ ಮತ್ತೆ ಸಿಗುವುದಿಲ್ಲ ಎಂದಿದ್ದ.

ಹಿಂದಿನ ದಿನ ಖಂಡೇನವಮಿ. ಕತ್ತರಿ, ಈಳಿಗೆ, ಬಸವಪ್ರಭುವಿನ ಸ್ಕೂಟರಿನ ನಟ್ಟು ಬಿಗಿಯುವ ಪಾನಾ, ಎಲ್ಲಕ್ಕೂ ಪೂಜೆ. ತ್ರಿವೇಣಿ ನೀಲಿ ಸಿ.ಡಿ.ಯನ್ನೂ ಕಾಗದದ ಚೀಲದ ಸಮೇತ ಅವುಗಳ ಪಕ್ಕ ಇಟ್ಟಳು.

ದಸರೆಯ ಬೆಳಿಗ್ಗೆ ಹಳೆಯ ಕೆಲಸವನ್ನೆಲ್ಲ ಬೇರೆಡೆ ನಕಲು ಮಾಡಿಟ್ಟುಕೊಂಡು, ನೀಲಿಯನ್ನು ಹಾಕಿ, ಯಂತ್ರದಲ್ಲಿದ್ದುದನ್ನೆಲ್ಲ ಅಳಿಸು ಎಂದು ಒತ್ತಿದಳು. ಈ ಸಲ ಅಳಿಸಿದವಳು ತಾನೇ ಎಂಬುದು ಖುಷಿಯಾಗಿತ್ತು. ಎಷ್ಟು ಇಳಿಯಿತೆಂದು ತೋರಿಸುವ ಪರದೆಯ ಮೇಲಿನ ಪಟ್ಟಿ ಅರ್ಧ ದಾಟಿತು. ಆಮೇಲೆ ಒಳಗೆ ಗರಗರ ಸದ್ದು. ಪಟ್ಟಿ ನಿಂತೇಬಿಟ್ಟಿತು.

ಸಿ.ಡಿ. ತೆಗೆದು ತಿರುಗಿಸಿದಳು. ಯಂತ್ರ ಓದುವ ಕಡೆಯೇ, ಹೊಳೆಯುವ ಮೈಯ ಅಂಚಿನಲ್ಲಿ, ಎಣ್ಣೆಯಲ್ಲಿ ಕಲಸಿದ ಕುಂಕುಮ, ಅದರ ಸುತ್ತ ಭಂಡಾರದ ಅರಿಸಿನ.

"ಅತ್ತೀ! ಇದಕ್ಕ ಕುಂಕುಮ ಹಚ್ಚೀರೇನ್ರಿ, ಈ ಕಡೆ?"

"ಮತ್ತ್ಯಾವ ಕಡೆ ಹಚ್ಚಬೇಕ? ಚೀಲದಿಂದ ತಗದ್ರ ಕನ್ನಡಿಹಂಗ ಹೊಳಿತಿತ್ತು, ಅದಽ ಮುಖ ಅಂದೆ. ಮುಖ ಬಿಟ್ಟು ಬೆನ್ನಿಗೆ ಹಚ್ತಾರೇನವಾ?"

ತ್ರಿವೇಣಿ ಕುರ್ಚಿಯಿಂದ ಏಳುವಷ್ಟರಲ್ಲಿ ರುದ್ರವ್ವ ಸಿ.ಡಿ. ಕಸಿದುಕೊಂಡು ಅಡುಗೆಮನೆಗೆ ಹೋಗಿದ್ದಳು. ತಿರುಗಿ ಬಂದಾಗ ಅದು ದೇವರ ತಂಬಿಗೆಯಂತೆ ಥಳಥಳಿಸುತ್ತಿತ್ತು. "ಹುಣಸಿಹಣ್ಣು ಹಚ್ಚಿ ತಿಕ್ಕೀನಿ. ಒಂದ ಕಲೆ ಇಲ್ಲ ನೋಡು."

ಕಲೆ ಇರಲಿಲ್ಲ. ತೆಂಗಿನ ನಾರಿನ ಗೀರುಗಳಿದ್ದವು, ಬೆಳಕಿಗೆ ಹಿಡಿದರೆ ಕಾಮನಬಿಲ್ಲನ್ನೇ ಹರಿದಂತೆ. ಬಾಗಿಲಲ್ಲಿ ನಿಂತಿದ್ದ ಬಸವಪ್ರಭು ಮೆಲ್ಲಗೆ, "ಕುಶಲನ್ನ ಕರೀಲೇನು?" ಎಂದ.

"ಬ್ಯಾಡ್ರಿ," ಎಂದಳು ತ್ರಿವೇಣಿ.

ಹಸಿರು ಉಳಿದಿತ್ತು. ಅದು ತನ್ನ ನಿಧಾನದಲ್ಲೇ ಇಳಿಯಿತು. ಹೋಳಿಗೆ ಊಟ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಕನ್ನಡ ಮೂಡಿತು. ಪತ್ರಿಕೆ ಟೈಪಾಯಿತು. ಪ್ರಿಂಟರ್ ಮಾತ್ರ ಮೂಕ. ತ್ರಿವೇಣಿ ಒಂದೊಂದೇ ಕಿಟಕಿ ತೆರೆದು ಓದಿದಳು. ಯಂತ್ರಕ್ಕೆ ಗೊತ್ತಿದ್ದ ಪ್ರಿಂಟರುಗಳಲ್ಲಿ ಅವಳದು ಇರಲಿಲ್ಲ. ಅದೇ ಕಂಪನಿಯ, ಅದಕ್ಕಿಂತ ಹಿಂದಿನದು ಇತ್ತು. ಅಣ್ಣನ ಹೆಸರು ಹಿಡಿದು ಕರೆದು ನೋಡೋಣ ಎಂದುಕೊಂಡು ಒತ್ತಿದಳು. ತಮ್ಮ ಓಗೊಟ್ಟ. ಕಾಗದ ಬೆಚ್ಚಗೆ ಹೊರಬಂತು.

ಸಂಜೆ ಶಂಕ್ರೆಪ್ಪ ಬನ್ನಿ ಎಲೆ ಹಿಡಿದು ಬಂದ. "ಬನ್ನಿ ತಗೊಳ್ರಿ ಅಕ್ಕಾರ. ಆಗೇದೇನ್ರಿ ನಮ್ಮದು?"

ಕಾಗದವನ್ನು ಅವನ ಕೈಗೆ ಕೊಟ್ಟವಳು ರುದ್ರವ್ವ. ತಾನೇ ಓದಿ ನೋಡಿರುವುದಾಗಿ, ತಪ್ಪಿಲ್ಲವೆಂದು ಹೇಳಿದಳು. ಶಂಕ್ರೆಪ್ಪ ಮೊಮ್ಮಗನ ಹೆಸರಿನ ಮೇಲೆ ಬೆರಳಾಡಿಸಿದ. "ಮಾರ್ತಾಂಡ. ಭಾಳ ಛಂದ ಕಾಣ್ತದ್ರಿ, ಅಚ್ಚಿನಾಗ."

ಅಂದಿನಿಂದ ಪತ್ರಿಕೆಗಳನ್ನು ಮೊದಲು ಓದುವವಳು ರುದ್ರವ್ವ. ತಾನೇ ಕಡತ ತೆರೆಯುತ್ತಾಳೆ, ಸೊಸೆಯ ತಪ್ಪು ಸಿಕ್ಕರೆ ಆ ದಿನವೆಲ್ಲ ಹಿಗ್ಗಿನಲ್ಲಿರುತ್ತಾಳೆ. ಕುಶಲ ಈಗ ಚಹಾಕ್ಕಷ್ಟೇ ಬರುತ್ತಾನೆ. ನೀಲಿ ಸಿ.ಡಿ. ಬಾಲ್ಕನಿಯಲ್ಲಿ ದಾರಕ್ಕೆ ತೂಗಾಡುತ್ತ ಪಾರಿವಾಳ ಓಡಿಸುತ್ತದೆ. ಹಸಿರಿನ ಹೊಸ ಆವೃತ್ತಿ ಬಂದಾಗಲೆಲ್ಲ ತ್ರಿವೇಣಿ ಅದನ್ನು ಖಂಡೇನವಮಿಯ ತನಕ ತೆಗೆದಿಡುತ್ತಾಳೆ. ರುದ್ರವ್ವ ಕುಂಕುಮದ ಬೆರಳನ್ನು ಗಾಳಿಯಲ್ಲೇ ತಡೆದು ಕೇಳುತ್ತಾಳೆ:

"ಮೊದ್ಲ ಹೇಳವಾ, ಇದರ ಬೆನ್ನು ಯಾವ ಕಡೆ?"