ಟವೆಲ್ಲಿನ ಕೆಳಗಿನ ಕೈ

ಮೂಡಲಗಿಯ ದನದ ಸಂತೆಯಲ್ಲಿ ನಾವು ದಲಾಲಿಗಳು ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಎದುರಿನವರ ಬೆರಳು ಹಿಡಿದು ತಿಳಿಸುತ್ತೇವೆ. ಎಷ್ಟು ಬೆರಳು ಹಿಡಿದೆವೋ ಅದೇ ಬೆಲೆ. ಸುತ್ತ ನಿಂತವರಿಗೆ ಗೊತ್ತಾಗಬಾರದು. ಬರಿಗೈಯಲ್ಲಿ ಬಂದ ನಾನು ಮನೆ ಕಟ್ಟಿಸಿದ್ದು ಈ ಬಲಗೈಯಿಂದಲೇ.

ಹೋದ ವರ್ಷ ಒಂದು ಹೋರಿ ಬೆದರಿ ಓಡಿತು. ಅದರ ಹಗ್ಗ ಸುತ್ತಿಕೊಂಡಿದ್ದ ನನ್ನ ಬಲಗೈ ಬೆರಳುಗಳು ಮುರಿದವು. ಪಟ್ಟಿ ಬಿಚ್ಚಿದಾಗ ಎಲುಬು ಕೂಡಿತ್ತು, ಆದರೆ ಬೆರಳು ಮಡಚುತ್ತಿರಲಿಲ್ಲ. ಗೋಕಾಕದ ದವಾಖಾನೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಹಿಡಿದು ಬಗ್ಗಿಸಿದಳು. ನನ್ನ ಕಣ್ಣಲ್ಲಿ ನೀರು ಬಂತು.

"ಇವತ್ತ ಅರ್ಧಾ ಮಡಚೂಣ್ರಿ, ಉಳಿದದ್ದು ಮುಂದಿನ ವಾರ" ಅಂದೆ.

"ಕಾಕಾ, ನನ್ನ ಕೂಡ ಎಷ್ಟಾರ ಚೌಕಾಸಿ ಮಾಡ್ರಿ. ಬೆರಳ ಕೇಳಬೇಕಲ್ಲ? ಈಗ ಬಿಟ್ರ ಹಿಂಗ ಸೆಟದ ಉಳೀತಾವ."

ಮುಂದಿನ ವಾರ ನಾನು ಅತ್ತ ಸುಳಿಯಲಿಲ್ಲ. ಸಂತೆಗೆ ಹೋದೆ.

ಹುಕ್ಕೇರಿ ಕಡೆಯ ಹಿರಿಯ ರೈತರೊಬ್ಬರು ಚಂದದ ಜೋಡೆತ್ತು ತಂದಿದ್ದರು. ಟವೆಲ್ಲಿನ ಕೆಳಗೆ ನಾಲ್ಕು ಬೆರಳು ಹಿಡಿಯಲು ಹೋದೆ. ಸೆಟೆದ ಕೈಗೆ ಸಿಕ್ಕದ್ದು ಎರಡೇ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಎತ್ತಿಗೆ ಕೇಳಾಕತ್ತೀಯೋ, ಅದರ ಕೊರಳಾಗಿನ ಗೆಜ್ಜಿಗೋ?"

ಸುತ್ತಲಿದ್ದವರು ನಕ್ಕರು. "ಇಲ್ರಿ, ಕೈ ಸರಿ ಇಲ್ಲ. ನಾಕು ಅಂದಿದ್ದೆ" ಎಂದು ಗಾಬರಿಯಲ್ಲಿ ಬಾಯಿಬಿಟ್ಟೆ. ಅದು ಇನ್ನೂ ದೊಡ್ಡ ತಪ್ಪು. ಬಾಜೂ ನಿಂತಿದ್ದ ದಲಾಲಿ ಕೇಳಿಸಿಕೊಂಡು, ತುಸು ಏರಿಸಿ, ಎತ್ತು ಹೊಡೆದುಕೊಂಡು ಹೋದ. ಈ ಕೈ ಹೀಗೇ ಉಳಿದರೆ ನನ್ನ ದಂಧೆ ಮುಗಿದಂತೆಯೇ ಎಂದು ಆಗ ಅರ್ಥವಾಯಿತು.

ಸಂತೆಯಿಂದಲೇ ಗೋಕಾಕದ ಬಸ್ಸು ಹತ್ತಿದೆ. ನಡೆದದ್ದನ್ನು ಹೇಳಿದಾಗ ಆ ಹುಡುಗಿ, "ನಿಮ್ಮ ಬೆರಳ ನನಗಿಂತ ಚಲೋ ತಿಳಿಸಿ ಹೇಳ್ಯಾವ ಬಿಡ್ರಿ" ಎಂದು ನಕ್ಕು ಕೈ ಹಿಡಿದುಕೊಂಡಳು. ಈ ಸಲ ನಾನು ಚೌಕಾಸಿ ಮಾಡಲಿಲ್ಲ.

ಮನೆಯಲ್ಲಿ ಆ ಕೆಲಸ ಹೆಂಡತಿಯದು. ಬಿಸಿನೀರಲ್ಲಿ ಕೈ ಅದ್ದಿಸಿ, ರೊಟ್ಟಿಯ ಹಿಟ್ಟು ನಾದುವಂತೆ ಬಗ್ಗಿಸುತ್ತಿದ್ದಳು. ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ.

"ಬೈರಿ, ಬಾಯಿಗೇನ ಆಗಿಲ್ಲಲ್ಲ. ಬೆರಳ ಇತ್ತ ಕೊಡ್ರಿ."

ಕೈ ಮುರಿದುಕೊಂಡವರು ಯಾರಾದರೂ ಓದುತ್ತಿದ್ದರೆ ನನ್ನ ಮಾತು ಕೇಳಿ. ಡಾಕ್ಟರು ಹೂಂ ಅಂದ ದಿನವೇ ಬಗ್ಗಿಸಲು ಶುರು ಮಾಡಿ. ಆಗ ಎದುರಿಗೆ ಯಾರನ್ನಾದರೂ ಕೂಡಿಸಿಕೊಳ್ಳುವುದಾದರೆ ಕನಿಕರಪಡುವವರು ಬೇಡ, ಬೈಸಿಕೊಂಡೂ ಬಗ್ಗಿಸುವವರು ಬೇಕು.

ಚಳಿಗಾಲದಲ್ಲಿ ಅದೇ ಹುಕ್ಕೇರಿಯವರು ಮತ್ತೊಂದು ಜೋಡಿ ತಂದರು. "ಈ ಸಲ ಗೆಜ್ಜಿಗಲ್ರಿ, ಎತ್ತಿಗೇ" ಎಂದು ಟವೆಲ್ ಹಾಕಿದೆ. ಕಿರುಬೆರಳು ಮೊದಲು ಮಡಚಿತು, ಹಿಂದೆಯೇ ಉಳಿದವು. ಅವರ ನಾಲ್ಕೂ ಬೆರಳು ನನ್ನ ಮುಷ್ಟಿಯೊಳಗೆ ಬಂದವು. ಬೆಲೆ ತಿಳಿಸಿಯಾಗಿತ್ತು, ಆದರೂ ಬಿಡಲು ಮನಸ್ಸಾಗಲಿಲ್ಲ.

ಅವರು ಮುಖ ಕಿವುಚಿದರು. "ಆತಪಾ, ತಿಳೀತು! ಎತ್ತ ಹೊಡಕೊಂಡ ಹೋಗು, ನನ್ನ ಬೆರಳ ಬಿಡು."